ತುಳಸಾಬಾಯಿ ನಮಗೆ ಏನಾಗಬೇಕು

ತಿಕೋಟಾ
11 ಆಗಸ್ಟ್ 2024

ನೇತ್ರಾಗೆ,

ನನ್ನ ಅಕ್ಷರ ನೋಡಿ ನಗಬೇಡ. ಐದನೆಯ ಇಯತ್ತೆಗೆ ಸಾಲಿ ಬಿಟ್ಟ ಮೇಲೆ ನಾನು ಪೆನ್ನು ಹಿಡಿದದ್ದು ಒಣದ್ರಾಕ್ಷಿ ಶೆಡ್ಡಿನ ಹಾಜರಿ ಪುಸ್ತಕಕ್ಕೆ ಸಹಿ ಮಾಡಲು ಮಾತ್ರ. ಒತ್ತಕ್ಷರಗಳು ಬರಬೇಕಾದ ಕಡೆ ಬಂದಿರಲಿಕ್ಕಿಲ್ಲ. ನೀನೇ ತಿದ್ದಿಕೊಂಡು ಓದು, ತಂಗಿಗೆ ಇನ್ನು ಅದೊಂದು ಕೆಲಸ.

ಅಪ್ಪನ ಫೋನು ಇದೆಯಲ್ಲ, ಪತ್ರ ಯಾಕೆ ಎಂದು ಕೇಳುತ್ತೀ. ನನ್ನ ನಾಲಿಗೆಯ ಸಂಗತಿ ನಿನಗೆ ಗೊತ್ತು. ಎದುರಿಗೆ ಕೂತರೆ ನೀನು ಕಾಯುತ್ತೀ, ನನ್ನ ಮಾತು ಹೇಗೋ ಹೊರಗೆ ಬರುತ್ತದೆ. ಫೋನಿನಲ್ಲಿ ನೀನು ನಾಲ್ಕು ಸಲ ಹಲೋ ಅನ್ನುವವರೆಗೂ ನನ್ನ ಮೊದಲ ಅಕ್ಷರ ಗಂಟಲಲ್ಲೇ ಇರುತ್ತದೆ. ಕಾಗದದ ಮೇಲೆ ನಾನು ತೊದಲುವುದಿಲ್ಲ. ಇದು ನನಗೆ ಈಗ ಗೊತ್ತಾಗಿದೆ.

ಹೋದ ಮಂಗಳವಾರ ನಾನು ಮಣೂಕದ ಚೀಲ ಕೊಡಲು ಬಂದಾಗ ನೀನು ಕಾಲೇಜಿಗೆ ಹೋಗಿದ್ದೆ. ನಿನ್ನ ಖಾನಾವಳಿಯ ತುಳಸಾಬಾಯಿ ಮೌಶಿ ನನ್ನನ್ನು ಹಾಗೇ ಕಳಿಸಲಿಲ್ಲ. "ಬಿಸಿಲಾಗ ಬಂದೀ, ಕೂಡ ಬೇ. ಒಲೀ ಉರಿಯಾಕತ್ತೇತಿ, ಒಂದು ರೊಟ್ಟಿ ತಿಂದು ಹೋದ್ರ ನಿಮ್ಮ ಬಸ್ಸೇನು ಅಳತೇತೇನು?" ಎಂದು ಕೂಡಿಸಿದರು. ಒಂದು ರೊಟ್ಟಿ ಅಂದವರು ಮೂರು ಹಾಕಿದರು. ನಾನು ಉಣ್ಣುತ್ತಿದ್ದಾಗ ಸರಕಾರದ ಯಾವುದೋ ಇಲಾಖೆಯಿಂದ ಒಬ್ಬ ಮೇಡಮ್ಮಾರು ಬಂದು ಏನೇನೋ ಕೇಳಿ ಬರೆದುಕೊಂಡು ಹೋದರು. ಮೌಶಿ ನಿನಗೆ ಹೇಳಿರಬಹುದು.

ನಿನ್ನೆ ಶೆಡ್ಡಿನಲ್ಲಿ ಮಣೂಕದೊಳಗಿನ ಕಡ್ಡಿ ಆರಿಸುತ್ತ ಕೂತಾಗ ಲೆಕ್ಕ ಬರೆಯುವ ಮಹಾದೇವ ಪೇಪರು ಓದಿ ಹೇಳಿದ. ಹಾಸ್ಟೆಲಿನಲ್ಲಿ ಜಾಗ ಸಿಗದ ಮಕ್ಕಳಿಗೆ ಸರಕಾರ ಕೊಡುವ ಊಟ-ವಸತಿಯ ಭತ್ಯೆಯನ್ನು ಬದಲು ಮಾಡುತ್ತಾರಂತೆ. ನಿನಗೆ ಬರುವುದು ಅದೇ ಅಲ್ಲವೇ? ನಮಗೇನೂ ಆಗುವುದಿಲ್ಲ ಎಂದು ಬರೆ. ಅಪ್ಪನಿಗೆ ಓದಿ ಹೇಳುತ್ತೇನೆ.

ನಿನ್ನ ಅಕ್ಕ,
ಲಕ್ಕವ್ವ

*

ವಿಜಯಪುರ
2 ಸೆಪ್ಟೆಂಬರ್ 2024

ಅಕ್ಕಾ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಒತ್ತಕ್ಷರ ಎಲ್ಲ ಸರಿ ಇವೆ, ಎರಡು ಮಾತ್ರ ತಪ್ಪಿದ್ದವು, ಯಾವುವು ಎಂದು ಹೇಳುವುದಿಲ್ಲ.

ಭತ್ಯೆಯ ವಿಷಯ ಇನ್ನೂ ಬರೀ ಪ್ರಸ್ತಾವ. ಕಾಲೇಜಿನ ನೋಟಿಸ್ ಬೋರ್ಡಿಗೆ ಹಾಕಿದ್ದಾರೆ. ಬಳಗದವರ ಮನೆಯಲ್ಲಿ ಇದ್ದು ಓದುವವರಿಗೆ ಪೂರ್ತಿ ನಿಲ್ಲಿಸುತ್ತಾರಂತೆ, ಅವರಿಗೆ ಊಟಕ್ಕೂ ಇರುವುದಕ್ಕೂ ಖರ್ಚು ಇಲ್ಲವಲ್ಲ ಎಂದು. ನನ್ನಂತೆ ಬೇರೆಯವರ ಮನೆಯಲ್ಲಿ ಇರುವವರು ಮುಂದಿನ ವರ್ಷದಿಂದ ನೋಂದಣಿಯಾದ ವಸತಿಗೃಹಕ್ಕೆ ಹೋಗಬೇಕಂತೆ. ಅದು ಮುಂದಿನ ಮಾತು. ಯಾರು ಎಲ್ಲಿದ್ದಾರೆ ಎಂದು ನೋಡಲು ಹೋದ ತಿಂಗಳು ಮನೆಮನೆಗೆ ಕಳಿಸಿದ್ದರು, ನೀನು ನೋಡಿದ ಮೇಡಮ್ಮು ಅದಕ್ಕೇ ಬಂದವರು. ನಮಗೆ ಹೆದರಿಕೆ ಇಲ್ಲ. ಚಿಕ್ಕಮ್ಮನನ್ನು ಕರೆದ ಹಾಗೆ ಮೌಶಿ ಅನ್ನುತ್ತೇವೆ ಅಷ್ಟೇ, ಅವರು ನಮಗೆ ಎಲ್ಲಿಯ ಬಳಗ?

ಮೌಶಿಯ ಮನೆ ನನಗೆ ಹಿಡಿಸಿಬಿಟ್ಟಿದೆ ಅಕ್ಕಾ. ಅಥಣಿ ರಸ್ತೆಯಲ್ಲಿ ಎಷ್ಟೋ ಹೊಸ ಮನೆಗಳು ಎದ್ದಿವೆ, ಒಲೆಯ ಹೊಗೆ ಏಳುವುದು ನಮ್ಮದರಿಂದ ಮಾತ್ರ. ಖಾನಾವಳಿಗೆ ಉಣ್ಣಲು ಬರುವವರು ಮುಂದಿನ ಪಡಸಾಲೆಯಲ್ಲಿ, ಹಿಂದಿನ ಎರಡು ಕೋಣೆಯಲ್ಲಿ ನಾವು ಐದು ಹುಡುಗಿಯರು. ಬೆಳಿಗ್ಗೆ ರೊಟ್ಟಿ ಬಡಿಯುವ ಸಪ್ಪಳಕ್ಕೇ ನಮಗೆ ಎಚ್ಚರ. ನನ್ನ ಕೋಣೆಯ ಪೂರ್ವಾ ತಡವಾಗಿ ಎದ್ದರೆ, "ಏಳ ಬೇ, ನಿನ್ನ ಗಂಡನ ಮನ್ಯಾಗ ನಾ ಬಂದು ಎಬಸಾಕ ಆಗೂದಿಲ್ಲ" ಅನ್ನುತ್ತಾರೆ.

ತಿಂಗಳಿಗೊಮ್ಮೆ ರೊಕ್ಕ ಕೊಡುವ ರೀತಿ ನಿನಗೆ ಗೊತ್ತಿಲ್ಲ. ಅವರ ಕೈಗೆ ಕೊಡುವಂತಿಲ್ಲ. ಗೋಡೆಯೊಳಗಿನ ದೇವರ ಮಾಡದಲ್ಲಿ ಕುಂಕುಮದ ಭರಣಿ ಇದೆ, ಅದರ ಕೆಳಗೆ ಇಟ್ಟು ಸುಮ್ಮನೆ ಬರಬೇಕು. ಅವರು ಎಂದೂ ನಮ್ಮೆದುರು ಅದನ್ನು ಎತ್ತುವುದಿಲ್ಲ. ಒಮ್ಮೆ ನಾನು ಮರೆತು, "ಮೌಶಿ, ಊಟದ ರೊಕ್ಕ" ಎಂದು ಕೈ ಚಾಚಿದೆ. ಅವರು ಮುಖ ತಿರುವಿಕೊಂಡು, "ಉಂಡ ಕೈ ಇನ್ನ ಒಣಗಿಲ್ಲ, ಅಷ್ಟರಾಗ ರೊಕ್ಕದ ಮಾತು" ಎಂದರು. ಅವತ್ತು ಸಂಜೆಗೆ ನನಗೊಬ್ಬಳಿಗೇ ಶೇಂಗಾ ಹೋಳಿಗೆ ಮಾಡಿಕೊಟ್ಟರು.

ಅಪ್ಪನಿಗೆ ಚಿಂತೆ ಬೇಡ ಎಂದು ಹೇಳು.

ನಿನ್ನ,
ನೇತ್ರಾ

*

ವಿಜಯಪುರ
24 ನವೆಂಬರ್ 2024

ಅಕ್ಕಾ,

ನನ್ನ ಹೆಸರಿನ ಭತ್ಯೆ ತಡೆಹಿಡಿದಿದ್ದಾರೆ. ಕಾಲೇಜಿಗೆ ಪಟ್ಟಿ ಬಂದಿದೆ. ನನ್ನ ಹೆಸರಿನ ಮುಂದೆ "ಸಂಬಂಧಿಕರ ಮನೆ" ಎಂದು ಇದೆ. ಹೊಸ ನಿಯಮ ತೀರ್ಮಾನವಾಗುವವರೆಗೆ ಇಂಥವರಿಗೆ ಏನೂ ಕೊಡುವುದಿಲ್ಲವಂತೆ. ಪೂರ್ವಾಳಿಗೆ ಬಂದಿದೆ. ಉಳಿದ ಮೂವರಿಗೂ ಬಂದಿದೆ. ಒಂದೇ ಮನೆ, ಒಂದೇ ಒಲೆ, ನಾನೊಬ್ಬಳೇ ಸಂಬಂಧಿಕಳು!

ಕಚೇರಿಯಲ್ಲಿ ಕೇಳಿದರೆ, ಮನೆಗೆ ಬಂದು ವಿಚಾರಿಸಿಯೇ ಬರೆದದ್ದು, ಅಲ್ಲಿದ್ದವರೇ ಹೇಳಿ ಸಹಿ ಮಾಡಿದ್ದಾರೆ ಎಂದರು. ಕಾಗದ ತೋರಿಸಲಿಲ್ಲ. ನಾನು ಮನೆಗೆ ಬಂದು ಮೌಶಿಯನ್ನು ಕೇಳಿದೆ. "ನೀವು ಆ ಮೇಡಮ್ಮಗ ನಾನು ನಿಮ್ಮ ಬಳಗ ಅಂತ ಹೇಳಿದ್ರಿ?" ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹಿಟ್ಟು ನಾದುವ ಕೊಣಮಿಗೆಯನ್ನು ಒರೆಸಿದರು. ಮತ್ತೊಮ್ಮೆ ಒರೆಸಿದರು. ಆಮೇಲೆ, "ನಾನಽ ಹೇಳಿರಬೇಕು ಬೇ. ವಯಸ್ಸಾತು, ಬಾಯಿಗೆ ಬಂದಿದ್ದು ಅಂದಿರತೇನಿ" ಎಂದರು.

ಪ್ರೀತಿಯಿಂದ ಹೇಳಿದ್ದಾರೆ ಎಂದು ಪೂರ್ವಾ ಅನ್ನುತ್ತಾಳೆ. ಇರಬಹುದು. ಅವರ ಪ್ರೀತಿಗೆ ನನ್ನ ಕಾಲೇಜು ಹೋಗುತ್ತದೆ. ನಾನು ಜೋರಾಗಿ ಮಾತಾಡಿದೆ ಅಕ್ಕಾ. "ನೀವು ನನಗ ಏನಾಗಬೇಕ್ರಿ? ಯಾರೂ ಅಲ್ಲ" ಎಂದು ಅಂದುಬಿಟ್ಟೆ. ಮುಂದಿನ ಪಡಸಾಲೆಯಲ್ಲಿ ಉಣ್ಣುತ್ತಿದ್ದವರು ಕೈ ನಿಲ್ಲಿಸಿದರು.

ರೊಕ್ಕ ಬೇಡ, ಇಲ್ಲೇ ಇರು ಎಂದು ಅವರು ಅಂದರು. ನಾನು ಒಪ್ಪಲಿಲ್ಲ. ಗೋಳಗುಮ್ಮಟದ ಕಡೆ ಇಬ್ಬರು ಹುಡುಗಿಯರ ಜೊತೆ ಒಂದು ಕೋಣೆಗೆ ಬಂದಿದ್ದೇನೆ. ಇಲ್ಲಿ ಒಲೆ ಹಚ್ಚುವಂತಿಲ್ಲ. ಮುಂಜಾನೆಯ ಬಸ್ಸಿಗೆ ಬುತ್ತಿ ಕಳಿಸಲು ಆಗುತ್ತದೆಯೇ? ಬೇರೆ ಹುಡುಗಿಯರಿಗೂ ಹಾಗೇ ಬರುತ್ತದೆ. ನಾನು ನಿಲ್ದಾಣಕ್ಕೆ ಹೋಗಿ ತೆಗೆದುಕೊಳ್ಳುತ್ತೇನೆ.

ನೇತ್ರಾ

*

ತಿಕೋಟಾ
1 ಡಿಸೆಂಬರ್ 2024

ನೇತ್ರಾಗೆ,

ಬುತ್ತಿಯ ಬಟ್ಟೆಯಲ್ಲಿ ಈ ಪತ್ರ ಇಟ್ಟಿದ್ದೇನೆ. ನಾಲ್ಕು ರೊಟ್ಟಿ, ಹೆಸರುಕಾಳಿನ ಪಲ್ಯ, ಚಟ್ನಿಪುಡಿ. ಎರಡು ರೊಟ್ಟಿ ಮಧ್ಯಾಹ್ನಕ್ಕೆ ಇಟ್ಟುಕೋ. ಕಂಡಕ್ಟರ್ ಯಾಕೂಬ ಅಣ್ಣ ನಮ್ಮ ಪರಿಚಯದವರು, ಡಬ್ಬಿ ಎಲ್ಲೂ ತಪ್ಪುವುದಿಲ್ಲ.

ಅಪ್ಪ ದ್ರಾಕ್ಷಿ ತೋಟದಿಂದ ಬಂದವನು ನಿನ್ನ ಪತ್ರವನ್ನು ಎರಡು ಸಲ ಓದಿಸಿದ. ಆಮೇಲೆ ಹೊರಗೆ ಹೋಗಿ ಕೂತ.

ಮೌಶಿಗೆ ಅಷ್ಟು ಅನ್ನಬಾರದಿತ್ತು. ನಾನು ನಿನಗೆ ಒಂದು ಮಾತು ಹೇಳುವುದಿದೆ. ರೊಟ್ಟಿ ಬಿರುಸಾಗಬಾರದೆಂದು ಒದ್ದೆ ಬಟ್ಟೆ ಸುತ್ತಿದ್ದೇನೆ, ಡಬ್ಬಿ ತೆಗೆದ ಕೂಡಲೇ ಬಟ್ಟೆ ಬಿಚ್ಚಿಡು, ಇಲ್ಲದಿದ್ದರೆ ವಾಸನೆ ಬರುತ್ತದೆ.

ಬಸ್ಸಿನ ಹೊತ್ತಾಯಿತು.

ಲಕ್ಕವ್ವ

*

ವಿಜಯಪುರ
6 ಜನವರಿ 2025

ಅಕ್ಕಾ,

ಖಾಲಿ ಡಬ್ಬಿಯಲ್ಲಿ ಈ ಚೀಟಿ ಇಡುತ್ತಿದ್ದೇನೆ. ನೀನು ಪಲ್ಯಕ್ಕೆ ಉಪ್ಪು ಹೆಚ್ಚು ಹಾಕುತ್ತಿದ್ದೀ. ಏನು ಯೋಚನೆ ನಿನಗೆ?

ಗೋಳಗುಮ್ಮಟದ ಎದುರು ಒಂದು ಅಂಗಡಿಯಲ್ಲಿ ಕೆಲಸ ಹಿಡಿದಿದ್ದೇನೆ. ನೋಡಲು ಬಂದವರಿಗೆ ಟೋಪಿ, ಬಳೆ, ಆಟಿಕೆ ಮಾರುವುದು. ಮೊದಲು ಸಂಜೆಗೆ ಮಾತ್ರ ಎಂದರು, ಈಗ ಮಧ್ಯಾಹ್ನವೂ ಬಾ ಅನ್ನುತ್ತಾರೆ. ಕಾಲೇಜಿನ ಹಾಜರಿ ಕಡಿಮೆಯಾಗಿದೆ. ಈ ವರ್ಷ ಬಿಟ್ಟುಬಿಡೋಣ ಅನಿಸುತ್ತಿದೆ. ನಿನ್ನನ್ನು ಸಾಲಿ ಬಿಡಿಸಿ ನನ್ನನ್ನು ಓದಿಸಿದರು, ಅದೂ ಹೀಗಾಯಿತು.

ಮೊನ್ನೆ ಮೌಶಿ ಅಂಗಡಿಯವರೆಗೆ ಬಂದಿದ್ದರು. ನಾನು ಒಳಗೆ ಪೆಟ್ಟಿಗೆಗಳ ಹಿಂದೆ ನಿಂತುಕೊಂಡೆ. ಒಂದು ಡಬ್ಬಿ ಶೇಂಗಾ ಹಿಂಡಿಯ ಚಟ್ನಿಪುಡಿ ಇಟ್ಟು ಹೋಗಿದ್ದಾರೆ. ನಾನು ಮುಟ್ಟಿಲ್ಲ. ಕೋಣೆಯ ಹುಡುಗಿಯರು ತಿಂದರು.

ನೇತ್ರಾ

*

ತಿಕೋಟಾ
16 ಜನವರಿ 2025

ನೇತ್ರಾಗೆ,

ಈ ಪತ್ರವನ್ನು ಕೂತು ಓದು. ಅಂಗಡಿಯಲ್ಲಿ ಓದಬೇಡ.

ನಿನ್ನೆ ಸಂಕ್ರಾಂತಿಯ ಕುಸುರೆಳ್ಳು ಕಟ್ಟಿಕೊಂಡು ಮೌಶಿಯ ಮನೆಗೆ ಹೋಗಿದ್ದೆ. ನಿನ್ನ ಅಂಗಡಿಯ ಕಡೆ ಬರುವ ಧೈರ್ಯ ಆಗಲಿಲ್ಲ. ಯಾಕೆಂದು ಈಗ ಬರೆಯುತ್ತೇನೆ.

ಆ ಮೇಡಮ್ಮಾರಿಗೆ ಹೇಳಿದ್ದು ಮೌಶಿ ಅಲ್ಲ, ನಾನು.

ಉಳಿದ ನಾಲ್ವರು ಹಿಂದಿನ ಕೋಣೆಯಲ್ಲಿ ತಮ್ಮದನ್ನು ತಾವೇ ಹೇಳಿ ಸಹಿ ಮಾಡಿದರು. ಅವರು ಬಂದಾಗ ಮೌಶಿಯ ಎರಡೂ ಕೈ ಹಿಟ್ಟಿನಲ್ಲಿದ್ದವು. "ನೇತ್ರಾನ ಅಕ್ಕನಽ ಬಂದಾಳ, ಆಕಿನ್ನ ಕೇಳ್ರಿ" ಎಂದು ನನ್ನ ಕಡೆ ತೋರಿಸಿದರು. ಮೇಡಮ್ಮಾರು ನನ್ನ ಮುಂದೆ ನಿಂತು, "ಇಲ್ಲಿ ಊಟಕ್ಕ, ಇರೂದಕ್ಕ ರೊಕ್ಕ ಕೊಡ್ತೀರೇನ್ರಿ?" ಎಂದು ಕೇಳಿದರು. ನನ್ನ ಕೈಯಲ್ಲಿ ಮೌಶಿಯ ರೊಟ್ಟಿಯ ತುತ್ತಿತ್ತು. ಆಗಲೇ ಅವರು ಹೆಂಚಿನ ಮೇಲಿಂದ ಇನ್ನೊಂದನ್ನು ತಂದು ನನ್ನ ತಾಟಿಗೆ ಹಾಕಿ ಬೆಣ್ಣೆ ಇಡುತ್ತಿದ್ದರು. ಬೆಣ್ಣೆ ಇಡುತ್ತಿರುವವರ ಮುಖದೆದುರು, ಹೌದ್ರಿ, ಇದಕ್ಕೆ ರೊಕ್ಕ ಕೊಡುತ್ತೇವೆ ಎಂದು ಹೇಗೆ ಅನ್ನಲಿ? ನೀನೇ ಹೇಳು, ನೀನಾದರೆ ಅನ್ನುತ್ತಿದ್ದೆಯಾ? ಅಂದರೂ ನನಗೆ ಆ ಮಾತು ಮುಗಿಸಲು ಬರುತ್ತಿರಲಿಲ್ಲ. ನಾನು ಇಲ್ಲ ಎಂದು ತಲೆ ಅಲ್ಲಾಡಿಸಿದೆ.

"ಹಂಗಾರ ಬಳಗದವರೇನು?" ಎಂದರು. ಹೌದು ಎಂದು ತಲೆಯಾಡಿಸಿದೆ. ಸಹಿ ಮಾಡಿರಿ ಎಂದರು. ಕೈ ತೊಳೆದುಕೊಂಡು ಮಾಡಿದೆ. ಹಾಜರಿ ಪುಸ್ತಕದಲ್ಲಿ ಮಾಡುವ ಹಾಗೆಯೇ, ಲಕ್ಕವ್ವ ಎಂದು ಪೂರ್ತಿ ಬರೆದೆ. ಚೆನ್ನಾಗಿ ಬಂತು ಎಂದು ಮನಸ್ಸಿನಲ್ಲಿ ಖುಷಿಯೂ ಆಯಿತು.

ಅದರಿಂದ ಏನಾಗುತ್ತದೆಂದು ಅವತ್ತು ಗೊತ್ತಿರಲಿಲ್ಲ. ನಿನ್ನ ಸೆಪ್ಟೆಂಬರಿನ ಪತ್ರ ಓದಿದಾಗ ಗೊತ್ತಾಯಿತು. ಆಗಲೇ ಹೇಳಿದ್ದರೆ ಸರಿಮಾಡಬಹುದಿತ್ತೇನೋ. ಅದು ಯಾರ ಕಣ್ಣಿಗೂ ಬೀಳದೆ ಹೋಗಲಿ ಎಂದು ದಿನಾ ಬೇಡಿಕೊಂಡೆ. ನವೆಂಬರಿನ ಪತ್ರ ಬಂದ ಮೇಲೆ ಎಷ್ಟೋ ಸಲ ಬರೆಯಲು ಕೂತೆ. ಕಾಗದದ ಮೇಲೆ ನಾನು ತೊದಲುವುದಿಲ್ಲ ಎಂದು ಬರೆದಿದ್ದೆ ಅಲ್ಲ, ಅದು ಸುಳ್ಳು.

ನಿನ್ನೆ ಮೌಶಿಯ ಕಾಲು ಹಿಡಿದು ಎಲ್ಲ ಹೇಳಿದೆ. ಅವರು ಅರ್ಧಕ್ಕೇ, "ಗೊತ್ತೈತಿ ಏಳ ಬೇ. ನಾ ಅಲ್ಲೇ ಇದ್ದೆ, ನನಗೇನು ಕಣ್ಣಿಲ್ಲೇನು?" ಎಂದರು.

ಮತ್ತೆ ನಿಮ್ಮ ಮೇಲೆ ಯಾಕೆ ಹಾಕಿಕೊಂಡಿರಿ ಎಂದು ಕೇಳಿದೆ.

"ಅವತ್ತ ನೀ ರೊಕ್ಕ ಕೊಡ್ತೀವಿ ಅಂದಿದ್ರ ನನಗ ಕೆಟ್ಟ ಅನಸ್ತಿತ್ತು. ನೀ ಅನ್ನಲಿಲ್ಲ. ನನಗೂ ಬಾಯಿತ್ತಲ್ಲ, ಇಲ್ರಿ ಕೊಡ್ತಾರ ಅನ್ನಬಹುದಿತ್ತು. ನಾನೂ ಅನ್ನಲಿಲ್ಲ, ನನಗ ಛಲೋ ಅನಿಸಿತ್ತು. ಅಂದಮ್ಯಾಲ ತಪ್ಪು ಇಬ್ಬರದೂ ಆತು." ಆಮೇಲೆ ಒಲೆಯ ಬೂದಿ ಕೆದರುತ್ತ ಹೇಳಿದರು. "ನೀವು ಅಕ್ಕ ತಂಗಿ. ನಿಮ್ಮಿಬ್ಬರ ನಡುವ ಹರಿದ್ರ ಹೊಲಿಯಾಕ ಆಗೂದಿಲ್ಲ. ನಾ ಹೊರಗಿನಾಕಿ. ನನ್ನ ಮ್ಯಾಲ ಸಿಟ್ಟಾದ್ರ ಏನು ಹೋಗತೇತಿ?"

ಹೊರಗಿನಾಕಿ ಎಂದು ಅವರೇ ಅಂದರು ನೇತ್ರಾ. ಕುಸುರೆಳ್ಳನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು, ಅಗಿಯುತ್ತಿರಲಿಲ್ಲ.

ನನ್ನ ಮೇಲೆ ಸಿಟ್ಟಾಗು. ಕಾಲೇಜು ಬಿಡಬೇಡ.

ಲಕ್ಕವ್ವ

*

ವಿಜಯಪುರ
20 ಜನವರಿ 2025

ಓದಿದೆ.

ಐದು ತಿಂಗಳು ನೀನು ಸುಮ್ಮನಿದ್ದೆ. ನಾನು ಅವರಿಗೆ ಪಡಸಾಲೆಯ ಜನರೆದುರು ಏನು ಅಂದೆ ಎಂದು ನಿನಗೆ ಬರೆದಿದ್ದೆ. ಅದನ್ನು ಓದಿದ ಮೇಲೂ ಸುಮ್ಮನಿದ್ದೆ. ಉಪ್ಪು ಹೆಚ್ಚಾಗುತ್ತಿದ್ದದ್ದು ಯಾಕೆಂದು ಈಗ ಗೊತ್ತಾಯಿತು.

ನಾಳೆಯಿಂದ ಬುತ್ತಿ ಕಳಿಸಬೇಡ.

ನೇತ್ರಾ

*

ವಿಜಯಪುರ
12 ಫೆಬ್ರವರಿ 2025

ಲಕ್ಕವ್ವಗ ತುಳಸಾಬಾಯಿ ಮೌಶಿಯ ಆಶೀರ್ವಾದ.

ಬರೆಯಾಕತ್ತಾಕಿ ಪೂರ್ವಾ, ಮಾತು ನನ್ನವು. ಅಕ್ಷರ ಛಲೋ ಅದಾವ ಅಂತ ನನ್ನವು ಅನಕೋಬ್ಯಾಡ.

ಆಫೀಸಿಗೆ ಹೋಗಿ ಬಂದೆ. ತಪ್ಪಾಗೇತಿ, ತಿದ್ರಿ ಅಂತ ಕೇಳಿದೆ. ಯಾರು ಸಹಿ ಮಾಡ್ಯಾರ ಅವರಽ ಬಂದು ಹೇಳಬೇಕಂತ. ಜೋಡೀಗೆ ನಾನೂ ಒಂದು ಕಾಗದಕ್ಕ ಸಹಿ ಮಾಡಬೇಕಂತ. ಮಾರ್ಚ್ ಏಳಕ್ಕ ಶುಕ್ರವಾರ ಬಾ. ಬಸ್‌ಸ್ಟ್ಯಾಂಡಿನ್ಯಾಗ ನಿಂತಿರತೇನಿ.

ಇನ್ನೊಂದು ಮಾತು. ಮನಿ ನೋಂದಣಿ ಮಾಡಸ್ರಿ ಅಂದ್ರು, ನೋಡಾಕ ಬಂದ್ರು. ಕೋಣಿ ಸಣ್ಣವು, ಕಟಗಿ ಒಲಿ ನಡಿಯೂದಿಲ್ಲ, ಇಷ್ಟು ಮಂದಿಗೆ ಇಷ್ಟು ಪಾಯಖಾನಿ ಬೇಕು ಅಂತ ಉದ್ದನ ಯಾದಿ ಕೊಟ್ರು. ನನ್ನ ಕೈಲಿ ಆಗೂದಲ್ಲ. ಹುಡುಗ್ಯಾರು ಈಗಽ ಬ್ಯಾರೆ ಕಡೆ ಜಾಗ ಹಿಡದಾರ. ಪೂರ್ವಾ ಈ ತಿಂಗಳ ಕಡೀಕ ಹೊಂಟಾಳ, ಇದನ್ನ ಬರಿಯೂ ಮುಂದ ಅಳಾಕತ್ತಾಳ, ಹುಚ್ಚಿ. ಬರೀ ಖಾನಾವಳಿ ಮ್ಯಾಲ ಈ ಮನಿ ನಡಿಯೂದಿಲ್ಲ. ಬಬಲೇಶ್ವರದಾಗ ನಮ್ಮಣ್ಣನ ಮಗ ಶಿವಾನಂದ ಅದಾನ. ಬಾ ಅತ್ತಿ ಅಂದಾನ. ಆಫೀಸಿನ ಕೆಲಸ ಮುಗಿಸಿ ಹೋಗಾಕಿ.

ನೇತ್ರಾಗ ಏನೂ ಹೇಳಬ್ಯಾಡ. ಆಕಿ ಪರೀಕ್ಷಾ ಮುಗೀಲಿ.

ನಿಮ್ಮ ಮೌಶಿ,
ತುಳಸಾಬಾಯಿ

*

ತಿಕೋಟಾ
11 ಮಾರ್ಚ್ 2025

ನೇತ್ರಾಗೆ,

ಬೇಡ ಅಂದರೂ ನಾನು ಬುತ್ತಿ ಕಳಿಸುತ್ತಲೇ ಇದ್ದೇನೆ. ಮೊದಲ ಎರಡು ದಿನ ಡಬ್ಬಿ ತುಂಬಿದಂತೆಯೇ ತಿರುಗಿ ಬಂತು. ಮೂರನೆಯ ದಿನ ಖಾಲಿ ಬಂತು. ಅಂದಿನಿಂದ ಖಾಲಿ ಬರುತ್ತದೆ, ತೊಳೆದಿರುತ್ತದೆ, ಪತ್ರ ಇರುವುದಿಲ್ಲ. ದಿನಾ ಕೈ ಹಾಕಿ ನೋಡುತ್ತೇನೆ.

ಮೌಶಿ ನಿನಗೆ ಹೇಳಬೇಡ ಅಂದಿದ್ದರು. ಒಮ್ಮೆ ಹೇಳದೆ ಆದದ್ದು ಸಾಕು.

ಶುಕ್ರವಾರ ನಾವಿಬ್ಬರೂ ಇಲಾಖೆಯ ಕಚೇರಿಗೆ ಹೋದೆವು. ಮೌಶಿ ಹಸಿರು ಇಳಕಲ್ಲ ಸೀರೆ ಉಟ್ಟಿದ್ದರು, ಮದುವೆಗೆ ಹೊರಟವರ ಹಾಗೆ. ಅಲ್ಲಿ ಅರುಣಕುಮಾರ ಎಂಬ ಗುಮಾಸ್ತರು ಇದ್ದರು. ಕೆಟ್ಟವರಲ್ಲ. ಒಂದು ಕಾಗದ ಟೈಪು ಮಾಡಿ ಓದಿದರು. "ಸದರಿ ವಿದ್ಯಾರ್ಥಿನಿಗೂ ನನಗೂ ಯಾವುದೇ ರಕ್ತಸಂಬಂಧವಾಗಲಿ ಇತರ ಸಂಬಂಧವಾಗಲಿ ಇರುವುದಿಲ್ಲ. ಹಣ ಪಡೆದು ಊಟ ಮತ್ತು ವಸತಿ ನೀಡಿರುತ್ತೇನೆ."

ಮೌಶಿ ಅದನ್ನು ಇನ್ನೊಮ್ಮೆ ಓದಿಸಿದರು. "ಇತರ ಅಂದ್ರ ಏನ್ರಿ?" ಎಂದು ಕೇಳಿದರು.

"ಯಾವುದೂ ಇಲ್ಲ ಅಂತ್ರಿ ಅಜ್ಜಿ."

"ಹಂಗಽ ಬರಿಬೇಕೇನ್ರಿ?"

"ಹಂಗಽ ಬರಿಬೇಕ್ರಿ."

ಮೌಶಿ ಸಹಿ ಮಾಡಿದರು. ಪೆನ್ನನ್ನು ರೊಟ್ಟಿ ಹೊರಳಿಸುವ ಕಡ್ಡಿಯ ಹಾಗೆ ಹಿಡಿದಿದ್ದರು.

ಆಮೇಲೆ ನನ್ನ ಸರದಿ. ಬರೆದುಕೊಡುತ್ತೇನೆ ಎಂದು ಸನ್ನೆ ಮಾಡಿದೆ. ಆಗುವುದಿಲ್ಲ, ಹೋದ ಸಲ ತಲೆಯಾಡಿಸಿದ್ದಕ್ಕೇ ಹೀಗಾಗಿದೆ, ಬಾಯಿಬಿಟ್ಟು ಹೇಳಿದರೆ ಮಾತ್ರ ಬರೆದುಕೊಳ್ಳುತ್ತೇನೆ ಎಂದರು. "ಹೇಳ್ರಿ. ಈ ತುಳಸಾಬಾಯಿ ನಿಮಗ ಏನಾಗಬೇಕು?"

ನನ್ನ ಹಿಂದೆ ಏಳೆಂಟು ಜನ ನಿಂತಿದ್ದರು. ಮೊದಲ ಅಕ್ಷರ ಬರಲಿಲ್ಲ. ಹಿಂದಿದ್ದವನೊಬ್ಬ, "ಏನವ್ವಾ, ಸಂಜೀತನಕ ಹಿಂಗಽ ನಿಂದ್ರತೀ ಏನು?" ಎಂದ. ಮೌಶಿ ತಿರುಗಿ, "ನಿಂದ್ರತಾಳ. ನಿನಗ ಅವಸರಿದ್ರ ಹೋಗು" ಎಂದರು. ಆಮೇಲೆ ನನ್ನ ಬೆನ್ನಿನ ಮೇಲೆ ಕೈ ಇಟ್ಟು, ಕಿವಿಯ ಹತ್ತಿರ, "ಅನ್ನು ಬೇ. ಏನೂ ಆಗಬೇಕಾಗಿಲ್ಲ ಅನ್ನು. ನನಗ ಕೆಟ್ಟ ಅನಸೂದಿಲ್ಲ" ಎಂದರು.

ಅವರ ಕೈ ಬೆನ್ನಿನ ಮೇಲೆ ಇದ್ದಾಗಲೇ ನಾನು ಅಂದೆ. ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. "ಏನೂ ಆಗಬೇಕಾಗಿಲ್ರಿ" ಎಂಬ ಮಾತನ್ನು ನಾನು ಪೂರ್ತಿ ಹೇಳಿದೆ ನೇತ್ರಾ, ಒಂದಕ್ಷರವೂ ಬಿಡಲಿಲ್ಲ. ಅಷ್ಟು ಉದ್ದದ ಮಾತನ್ನು ನಾನು ಹೊರಗಿನವರೆದುರು ಆಡಿದ್ದು ಅದೇ ಮೊದಲು.

ತಡೆಹಿಡಿದದ್ದನ್ನು ಬಿಡುಗಡೆ ಮಾಡಲು ಮೇಲಕ್ಕೆ ಕಳಿಸುತ್ತಾರಂತೆ. ಬರಬಹುದು ಎಂದರು, ಬರುತ್ತದೆ ಎನ್ನಲಿಲ್ಲ. ಪರೀಕ್ಷೆಗೆ ಹೆಸರು ಬರೆಸಿದ್ದೀ ಎಂದು ಅಪ್ಪ ಹೇಳಿದ. ನೀನು ಫೋನಿನಲ್ಲಿ ನನ್ನ ಬಗ್ಗೆ ಕೇಳಿದೆಯಾ ಎಂದು ವಿಚಾರಿಸಿದೆ. "ಕೇಳಿದ್ಲು" ಎಂದ. ಅವನು ನನ್ನ ಮುಖ ನೋಡದೆ ಹೇಳಿದ್ದರಿಂದ ನಿಜವೋ ಏನೋ ಗೊತ್ತಾಗಲಿಲ್ಲ.

ಮನೆಯ ನೋಂದಣಿ ಆಗದೆ ಮೌಶಿ ಬಬಲೇಶ್ವರಕ್ಕೆ, ಅಣ್ಣನ ಮಗ ಶಿವಾನಂದನ ಹತ್ತಿರ ಹೊರಟಿದ್ದರು. ಕಚೇರಿಯಿಂದ ಅಥಣಿ ರಸ್ತೆಗೆ ಹೋಗಿ ಸಾಮಾನು ಕಟ್ಟಿದೆವು. ಹೆಂಚು, ಕೊಣಮಿಗೆ, ಎರಡು ಟ್ರಂಕು. ಹಿಂದಿನ ಕೋಣೆಯ ಗೋಡೆಯಲ್ಲಿ ನೀನು ಬಟ್ಟೆ ತೂಗುಹಾಕುತ್ತಿದ್ದ ಮೊಳೆಗಳು ಹಾಗೇ ಇವೆ. ದೇವರ ಮಾಡದಿಂದ ಕುಂಕುಮದ ಭರಣಿ ಎತ್ತಿದರೆ ಅದರ ಕೆಳಗೆ ಮಡಚಿದ ನೋಟುಗಳಿದ್ದವು. ನೀನು ಅಕ್ಟೋಬರಿನಲ್ಲಿ ಇಟ್ಟದ್ದಂತೆ. "ಅದು ಆಕೀ ರೊಕ್ಕ. ಬಳಗದವರ ಕಡಿಂದ ತಗೋಬಾರದು ಅಂತ ಸರಕಾರನಽ ಹೇಳೇತಿ" ಎಂದು ನಕ್ಕರು. ಡಬ್ಬಿಯ ತಳದಲ್ಲಿ ಕಾಗದದಲ್ಲಿ ಸುತ್ತಿ ಇಟ್ಟಿದ್ದೇನೆ, ನೋಡಿಕೋ. ಅವರು ಶಿವಾನಂದನ ಟಂಟಂ ಗಾಡಿಯಲ್ಲಿ ಟ್ರಂಕಿನ ಮೇಲೆ ಕೂತು ಹೋದರು. ತಿರುಗಿ ನೋಡಲಿಲ್ಲ. ಸೆರಗು ಮಾತ್ರ ರಸ್ತೆಯ ತಿರುವಿನವರೆಗೂ ಹಾರುತ್ತಿತ್ತು.

ಇಂದು ಬೆಳಿಗ್ಗೆ ಹಿಟ್ಟು ಸ್ವಲ್ಪ ಹೆಚ್ಚು ನಾದಿದೆ. ನಿನ್ನ ಡಬ್ಬಿಯನ್ನು ಯಾಕೂಬ ಅಣ್ಣನಿಗೆ ಕೊಡುವ ಮೊದಲು, ಇನ್ನೊಂದು ಬುತ್ತಿ ಕಟ್ಟಿಕೊಂಡು ಬಬಲೇಶ್ವರದ ಬಸ್ಸಿನ ಹತ್ತಿರ ಹೋದೆ. ಕಂಡಕ್ಟರ್ ಹೊಸಬ. ಚೀಟಿಯ ಮೇಲಿನ ಹೆಸರು ಓದಿ, "ತುಳಸಾಬಾಯಿ ಅಂದ್ರ ಯಾರ್ರಿ? ನಿಮ್ಮ ಬಳಗೇನು?" ಎಂದು ಕೇಳಿದ.

ನಾನು ಹೌದು ಎಂದು ತಲೆಯಾಡಿಸಿ, ಬುತ್ತಿಯನ್ನು ಅವನ ಸೀಟಿನ ಪಕ್ಕಕ್ಕೆ ಇಟ್ಟು ಬಂದೆ.

ನಿನ್ನ ಅಕ್ಕ,
ಲಕ್ಕವ್ವ